ಗಾಳಿ ನಿಂತ ಬೆಳಿಗ್ಗೆಯೂ 900 ಮೀಟರ್‌ನಲ್ಲಿ ಗುಂಡು ಬಲಕ್ಕೆ ಬೀಳುತ್ತಿದೆ, ಕಾರಣ ಏನು?

ಮುಂಜಾವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷ 300 ಮೀಟರ್‌ನಲ್ಲಿ ಗುರಿ ಅಭ್ಯಾಸ ಮಾಡಿ ಈ ವರ್ಷ 900 ಮೀಟರ್‌ಗೆ ಬಂದಿದ್ದೇನೆ. 300ರಲ್ಲಿ ನನ್ನ ಕೈಯ ಬಗ್ಗೆ ನನಗೆ ಅನುಮಾನವಿರಲಿಲ್ಲ. 900ಕ್ಕೆ ಬಂದ ಮೇಲೆ ಒಂದೇ ಸಂಗತಿ ಎರಡು ತಿಂಗಳಿನಿಂದ ತಲೆ ಕೊರೆಯುತ್ತಿದೆ.

ಮೊದಲು ವಿವರ ಹೇಳಿಬಿಡುತ್ತೇನೆ. ರೈಫಲ್ 308 ವಿಂಚೆಸ್ಟರ್, ಗುಂಡು 175 ಗ್ರೇನ್, ಕ್ರೋನೋಗ್ರಾಫ್ ತೋರಿಸುವ ವೇಗ ಸೆಕೆಂಡಿಗೆ ಸರಾಸರಿ 790 ಮೀಟರ್. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಬಲಕ್ಕೆ, 12 ಇಂಚಿಗೆ ಒಂದು ಸುತ್ತು. ಸ್ಕೋಪಿನ ಒಂದು ಕ್ಲಿಕ್ಕಿಗೆ 0.1 ಮಿಲ್ (ಮಿಲ್ ಎಂದರೆ ದೂರದ ಸಾವಿರದ ಒಂದು ಪಾಲಿನಷ್ಟು ಕೋನ, 900 ಮೀಟರ್‌ನಲ್ಲಿ 90 ಸೆಂಟಿಮೀಟರ್). 100 ಮೀಟರ್‌ನಲ್ಲಿ ಶೂನ್ಯ ಹೊಂದಿಸಿದ್ದೇನೆ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ), 900ಕ್ಕೆ ಸುಮಾರು 11 ಮಿಲ್ ಏರಿಸಬೇಕಾಗುತ್ತದೆ.

ಸೂರ್ಯ ಹುಟ್ಟುವ ಹೊತ್ತಿಗೆ, ಬಾವುಟಗಳೆಲ್ಲ ಕಂಬಕ್ಕೆ ಅಂಟಿಕೊಂಡು ನಿಂತಿರುವಾಗಲೂ ನನ್ನ ಗುಂಡುಗಳು ಕೇಂದ್ರದಿಂದ ಸುಮಾರು 40 ಸೆಂಟಿಮೀಟರ್ ಬಲಕ್ಕೆ ಬೀಳುತ್ತವೆ. ಒಂದು ದಿನವಲ್ಲ, ಪ್ರತಿ ಬಾರಿಯೂ. ಗುಂಡು ತಿರುಗುವುದರಿಂದ ಬಲಕ್ಕೆ ವಾಲುತ್ತದೆ ಎಂದು ಓದಿದ್ದೇನೆ, ಲೆಕ್ಕದ ಪಟ್ಟಿ ಅದಕ್ಕೆ 20 ಸೆಂಟಿಮೀಟರ್ ಆಸುಪಾಸು ಕೊಡುತ್ತದೆ. ಉಳಿದ 20 ಎಲ್ಲಿಂದ ಬಂತು?

ಇನ್ನೊಂದು ಸಂಗತಿ. ಗಾಳಿ ಇರುವ ದಿನ ಗುಂಡುಗಳು ಅಡ್ಡಕ್ಕೆ ನೇರವಾಗಿ ಹರಡುವುದಿಲ್ಲ. ಎಡಗಡೆಯಿಂದ ಗಾಳಿ ಬಂದರೆ ಬಲಕ್ಕೂ ತುಸು ಕೆಳಕ್ಕೂ ಬೀಳುತ್ತವೆ, ಬಲಗಡೆಯಿಂದ ಬಂದರೆ ಎಡಕ್ಕೂ ತುಸು ಮೇಲಕ್ಕೂ. ಮೂವರನ್ನು ಕೇಳಿದೆ. ಒಬ್ಬರು ಮ್ಯಾಗ್ನಸ್ ಪರಿಣಾಮ (ತಿರುಗುವ ಚೆಂಡು ಗಾಳಿಯಲ್ಲಿ ಬಾಗುವುದು) ಎಂದರು, ಇನ್ನೊಬ್ಬರು ಭೂಮಿಯ ತಿರುಗುವಿಕೆ ಎಂದರು, ಮೂರನೆಯವರು ಟ್ರಿಗರ್ ಬೆರಳಿನ ದೋಷ ಎಂದರು.

ಗಾಳಿಯನ್ನಂತೂ ನಾನು ಮಲಗಿರುವ ಚಾಪೆಯ ಪಕ್ಕದಲ್ಲಿ ಮಾಪಕ ಹಿಡಿದು ಅಳೆಯುತ್ತೇನೆ, ಆ ಅಂಕಿಯನ್ನೇ ಸ್ಕೋಪಿಗೆ ತಿರುಗಿಸುತ್ತೇನೆ. ಆದರೂ ಅರ್ಧ ಮೀಟರ್ ತಪ್ಪುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರಮುಖಿ

ಭೂಮಿಯ ತಿರುಗುವಿಕೆಯನ್ನು ನಾನು ಲೆಕ್ಕ ಹಾಕಿಯೇ ಬದಿಗಿಟ್ಟಿದ್ದೇನೆ, ನೀವೂ ಸದ್ಯಕ್ಕೆ ಬದಿಗಿಡಿ. ಅಡ್ಡ ಸರಿತಕ್ಕೆ ಬೇಕಾದವು ಭೂಮಿ ತಿರುಗುವ ವೇಗ, ದೂರ, ಹಾರಾಟದ ಸಮಯ ಮತ್ತು ನಿಂತ ಜಾಗದ ಅಕ್ಷಾಂಶ. 900 ಮೀಟರ್ ಹೋಗಲು ನಿಮ್ಮ ಗುಂಡಿಗೆ ಸುಮಾರು 1.6 ಸೆಕೆಂಡ್ ಬೇಕು. 45 ಡಿಗ್ರಿ ಅಕ್ಷಾಂಶದಲ್ಲಿ ಇದರ ಫಲ 7 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಉತ್ತರ ಗೋಳಾರ್ಧದಲ್ಲಿ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ, ಸಮಭಾಜಕದ ಮೇಲೆ ಸೊನ್ನೆ. ಯಾವ ದಿಕ್ಕಿಗೆ ಹೊಡೆದರೂ ಈ ಅಡ್ಡ ಸರಿತ ಅಷ್ಟೇ ಇರುತ್ತದೆ. ಪೂರ್ವಕ್ಕೆ ಹೊಡೆದರೆ ಸ್ವಲ್ಪ ಮೇಲೆ, ಪಶ್ಚಿಮಕ್ಕೆ ಹೊಡೆದರೆ ಸ್ವಲ್ಪ ಕೆಳಗೆ ಎಂಬುದು ಬೇರೆ ಸಂಗತಿ. ಅದೂ ಈ ದೂರಕ್ಕೆ 10 ಸೆಂಟಿಮೀಟರ್ ದಾಟುವುದಿಲ್ಲ.

ಹೀಗಾಗಿ ನಿಮ್ಮ ಕಳೆದುಹೋದ 20 ಸೆಂಟಿಮೀಟರ್ ಇಲ್ಲಿಲ್ಲ. ಮ್ಯಾಗ್ನಸ್ ಎಂಬ ಉತ್ತರವನ್ನೂ ಕೈಬಿಡಿ. ಚೆಂಡು ತಿರುಗುತ್ತ ಬಾಗುವ ಬಗೆ ಬೇರೆ, ಮೂತಿ ಮುಂದಾಗಿ ಹಾರುವ ಉದ್ದನೆಯ ಗುಂಡು ವಾಲುವ ಬಗೆ ಬೇರೆ.

ಗಾಳಿಗಣ್ಣು

ಮುಂಜಾವು ಅವರೇ, ಗಾಳಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ರೈಫಲ್ ನೇರವಾಗಿ ನಿಂತಿದೆಯೇ ನೋಡಿ. ನಿಮ್ಮ ಅಂಕಿ ಓದಿದ ಕೂಡಲೇ ನನಗೆ ಹೊಳೆದದ್ದು ಅದೇ, ಏಕೆಂದರೆ ಒಂದು ಇಡೀ ಋತು ನಾನು ಇದೇ 40 ಸೆಂಟಿಮೀಟರ್‌ನ ಹಿಂದೆ ಅಲೆದಿದ್ದೇನೆ.

ಲೆಕ್ಕ ಸರಳವಾಗಿದೆ. ನೀವು 11 ಮಿಲ್ ಏರಿಸುತ್ತೀರಿ. ರೈಫಲ್ ಬಲಕ್ಕೆ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೆ ಆ 11 ಮಿಲ್ ನೇರ ಮೇಲಕ್ಕೆ ಹೋಗದೆ ಒಂದು ಡಿಗ್ರಿ ಬಲಕ್ಕೆ ಬಾಗಿ ಹೋಗುತ್ತದೆ. ಒಂದು ಡಿಗ್ರಿಯ ಸೈನ್ 0.0175. ಹನ್ನೊಂದರಿಂದ ಗುಣಿಸಿದರೆ 0.19 ಮಿಲ್, 900 ಮೀಟರ್‌ನಲ್ಲಿ 17 ಸೆಂಟಿಮೀಟರ್. ನಿಮ್ಮ 20 ಇಲ್ಲೇ ಕುಳಿತಿರುವ ಸಾಧ್ಯತೆ ಬಹಳ. 300 ಮೀಟರ್‌ನಲ್ಲಿ ಏರಿಸುವುದೇ ಕಡಿಮೆ, ಆದ್ದರಿಂದ ಅದೇ ಓರೆ ಅಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಅಡಗಿಹೋಗುತ್ತದೆ. ಮೂರು ವರ್ಷ ನಿಮಗೆ ಅದು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

‘ನನ್ನ ಸ್ಕೋಪಿನ ಮೇಲೆ ರಸಮಟ್ಟ ಇದೆಯಲ್ಲ’ ಎನ್ನಬೇಡಿ. ನನ್ನದರ ಮೇಲೂ ಇತ್ತು. ಅದನ್ನು ಕೂರಿಸುವಾಗ ರೈಫಲಿನ ಮೇಲ್ಪಟ್ಟಿಗೆ ಸರಿಹೊಂದಿಸಿದ್ದೆ, ಸ್ಕೋಪಿನ ಒಳಗಿನ ಲಂಬಗೆರೆಗೆ ಅಲ್ಲ. ಗುಳ್ಳೆ ಮಧ್ಯದಲ್ಲಿ ನಿಂತಾಗ ಪಟ್ಟಿ ಸಮತಟ್ಟಾಗಿರುತ್ತಿತ್ತು, ಗೆರೆ ಒಂದು ಡಿಗ್ರಿ ಓರೆಯಾಗಿರುತ್ತಿತ್ತು. ನಾನು ಪ್ರತಿ ಗುಂಡಿಗೂ ಗುಳ್ಳೆಯನ್ನು ಶ್ರದ್ಧೆಯಿಂದ ಮಧ್ಯಕ್ಕೆ ತರುತ್ತಿದ್ದೆ, ಅಂದರೆ ಅದೇ ಒಂದು ಡಿಗ್ರಿಯ ತಪ್ಪನ್ನು ಪ್ರತಿ ಗುಂಡಿಗೂ ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ತಪ್ಪು ಒಂದೇ ಸಮನೆ ಇದ್ದುದರಿಂದಲೇ ಅದು ವಾಲುವಿಕೆಯಂತೆ ಕಂಡಿತು.

ಪರೀಕ್ಷೆ ಹೀಗೆ ಮಾಡಿ. ಗಾಳಿಯಿಲ್ಲದ ಹೊತ್ತಿನಲ್ಲಿ 100 ಮೀಟರ್‌ನಲ್ಲಿ ಆಳೆತ್ತರದ ಹಲಗೆ ನಿಲ್ಲಿಸಿ. ಮೇಲಿನಿಂದ ಲಂಬಸೂತ್ರ ಇಳಿಬಿಡಿ. ತುದಿಯ ತೂಕ ಒಂದು ಬಕೆಟ್ ನೀರಿನಲ್ಲಿ ಮುಳುಗಿರಲಿ, ಆಗ ದಾರ ಓಲಾಡುವುದಿಲ್ಲ. ದಾರದ ನೆಲೆಯಲ್ಲೇ ಸೀಸದ ಕಡ್ಡಿಯಿಂದ ಉದ್ದಗೆರೆ ಎಳೆದು, ಕೆಳತುದಿಯಲ್ಲಿ ಒಂದು ಚುಕ್ಕೆ ಇಡಿ. ಹಲಗೆಯ ದೂರವನ್ನು ಟೇಪಿನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಚುಕ್ಕೆಗೆ ಐದು ಗುಂಡು. ಆಮೇಲೆ 10 ಮಿಲ್ ಏರಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು, ಗುಳ್ಳೆ ನಡುವಿನಲ್ಲಿಟ್ಟು ಇನ್ನೈದು. ಎರಡನೆಯ ಗುಂಪು ಸರಿಯಾಗಿ ಒಂದು ಮೀಟರ್ ಮೇಲೆ, ಗೆರೆಯ ಮೇಲೆಯೇ ಕೂರಬೇಕು. ಪಕ್ಕಕ್ಕೆ 1.75 ಸೆಂಟಿಮೀಟರ್ ಸರಿದಿದ್ದರೆ ಒಂದು ಡಿಗ್ರಿ ಓರೆ. ಎತ್ತರ 100 ಸೆಂಟಿಮೀಟರ್ ಬಾರದೆ 98 ಬಂದರೆ ಸ್ಕೋಪಿನ ಕ್ಲಿಕ್ಕುಗಳೇ ಶೇಕಡ 2ರಷ್ಟು ಕಡಿಮೆ ಚಲಿಸುತ್ತಿವೆ ಎಂದರ್ಥ. ಅದು ಗೊತ್ತಾಗುವುದು ಬೋನಸ್.

ಇನ್ನು ಗುಂಡಿನ ವಾಲುವಿಕೆ. ಅದು ನಿಜವಾದದ್ದೇ, ಅದಕ್ಕೆ ಹೆದರಬೇಕಿಲ್ಲ. ಬುಗುರಿ ನೆನಪಿಸಿಕೊಳ್ಳಿ. ಜೋರಾಗಿ ತಿರುಗುತ್ತಿರುವ ಬುಗುರಿಯ ತಲೆಯನ್ನು ಒಂದು ಕಡೆ ತಳ್ಳಿದರೆ ಅದು ಆ ಕಡೆಗೆ ಬೀಳುವುದಿಲ್ಲ, ಪಕ್ಕಕ್ಕೆ ತೊನೆಯುತ್ತದೆ. ಗುಂಡಿಗೂ ಅದೇ ಗತಿ. ಹಾರುವ ದಾರಿ ಕೆಳಕ್ಕೆ ಬಾಗುತ್ತ ಹೋದಂತೆ ಮೂತಿಯೂ ಬಾಗಬೇಕು. ತಿರುಗುತ್ತಿರುವ ಕಾರಣ ಮೂತಿ ಒಂದು ಕೂದಲೆಳೆಯಷ್ಟು ಬಲಕ್ಕೆ ನಿಂತುಬಿಡುತ್ತದೆ. ಎದುರಿನ ಗಾಳಿ ಆ ಓರೆಯ ಮೇಲೆ ಒತ್ತಿ ಗುಂಡನ್ನು ಬಲಕ್ಕೆ ಸರಿಸುತ್ತದೆ. ಸುರುಳಿ ಎಡಕ್ಕಿದ್ದರೆ ಎಡಕ್ಕೆ. ನಿಮ್ಮ ಗುಂಡಿಗೆ 300 ಮೀಟರ್‌ನಲ್ಲಿ ಇದು ಸುಮಾರು 2 ಸೆಂಟಿಮೀಟರ್, 600ರಲ್ಲಿ 8, 900ರಲ್ಲಿ 20ರ ಆಸುಪಾಸು. ದೂರ ಮೂರು ಪಟ್ಟಾದರೆ ವಾಲುವಿಕೆ ಹತ್ತು ಪಟ್ಟು. ಇದು ಪ್ರತಿ ಗುಂಡಿಗೂ ಒಂದೇ ಇರುವುದರಿಂದ 900ಕ್ಕೆ ಎರಡು ಕ್ಲಿಕ್ ಎಡಕ್ಕೆ ಎಂದು ಪಟ್ಟಿಯಲ್ಲಿ ಬರೆದು ಮರೆತುಬಿಡಿ. ಪಂದ್ಯದ ಹೊತ್ತಿನಲ್ಲಿ ಅದರ ಬಗ್ಗೆ ಯೋಚಿಸಿದ ಪ್ರತಿ ಕ್ಷಣವೂ ಗಾಳಿಯಿಂದ ಕದ್ದ ಕ್ಷಣ.

ಕ್ರಮ ಮುಖ್ಯ. ಓರೆಯನ್ನು ಮೊದಲು ತೆಗೆಯಿರಿ, ವಾಲುವಿಕೆಯನ್ನು ಆಮೇಲೆ ಪಟ್ಟಿಗೆ ಸೇರಿಸಿ. ಓರೆ ಇರುವಾಗಲೇ 40 ಸೆಂಟಿಮೀಟರನ್ನು ‘ನನ್ನ ವಾಲುವಿಕೆ’ ಎಂದು ಬರೆದಿಟ್ಟರೆ ಆ ಅಂಕಿ 600ರಲ್ಲೂ ಸುಳ್ಳಾಗುತ್ತದೆ, 800ರಲ್ಲೂ ಸುಳ್ಳಾಗುತ್ತದೆ. ಎರಡೂ ದೂರದೊಂದಿಗೆ ಬೆಳೆಯುತ್ತವೆ, ಆದರೆ ಬೇರೆ ಬೇರೆ ದರದಲ್ಲಿ.

ಐವತ್ತು ಮೀಟರ್ (ಉತ್ತರ)

ನಾನು ಪಾಯಿಂಟ್ 22 ರೈಫಲಿನವಳು, 900 ಮೀಟರ್ ನನ್ನ ಕ್ಷೇತ್ರವಲ್ಲ. ಆದರೆ ಓರೆಯಾಗಿ ಬೀಳುವ ಗುಂಪಿನ ಬಗ್ಗೆ ಹೇಳಬಲ್ಲೆ, ಏಕೆಂದರೆ ನಮ್ಮಲ್ಲಿ ಅದನ್ನು ಮೊದಲ ವರ್ಷವೇ ಕಲಿಯುತ್ತಾರೆ. ಬಲಸುರುಳಿಯ ನಳಿಗೆಯಲ್ಲಿ ಗಾಳಿಯ ಗುಂಪು ಗಡಿಯಾರದ ಹತ್ತು ಗಂಟೆಯಿಂದ ನಾಲ್ಕು ಗಂಟೆಯ ಕಡೆಗೆ ಓರೆಯಾಗಿ ಮಲಗುತ್ತದೆ. ಬಲದಿಂದ ಗಾಳಿ ಬಂದರೆ ಹತ್ತರ ಕಡೆಗೆ, ಎಡದಿಂದ ಬಂದರೆ ನಾಲ್ಕರ ಕಡೆಗೆ. ನಿಮ್ಮ ವರ್ಣನೆಗೆ ಕೂದಲಷ್ಟೂ ವ್ಯತ್ಯಾಸವಿಲ್ಲ. ಬೆರಳನ್ನು ದೂರಬೇಡಿ.

ಕಾರಣವೂ ಅದೇ ಬುಗುರಿ. ನಳಿಗೆಯಿಂದ ಹೊರಬಿದ್ದ ಗುಂಡು ಅಡ್ಡಗಾಳಿಗೆ ಸಿಕ್ಕಿದ ಕೂಡಲೇ ಮೂತಿಯನ್ನು ಗಾಳಿಯತ್ತ ತಿರುಗಿಸಲು ನೋಡುತ್ತದೆ. ತಿರುಗುತ್ತಿರುವ ವಸ್ತು ಪಕ್ಕಕ್ಕೆ ತಳ್ಳಿದರೆ ಮೇಲಕ್ಕೋ ಕೆಳಕ್ಕೋ ಉತ್ತರ ಕೊಡುತ್ತದೆ. ಈ ಎತ್ತರದ ವ್ಯತ್ಯಾಸ ನಳಿಗೆಯ ಬಾಯಿಯ ಹತ್ತಿರವೇ ತೀರ್ಮಾನವಾಗುತ್ತದೆ, ಆಮೇಲೆ ಒಂದು ಕೋನವಾಗಿ ಕೊನೆಯವರೆಗೂ ಉಳಿಯುತ್ತದೆ.

ಇನ್ನೊಂದು ಮಾತು, ನಿಮಗೆ ನೇರವಾಗಿ ಬೇಡದಿದ್ದರೂ ಹೇಳಬೇಕೆನಿಸಿದೆ. ಗುಂಡು ವೇಗವಾದಷ್ಟೂ ಗಾಳಿ ಕಡಿಮೆ ತಾಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನಮ್ಮ ಪಾಯಿಂಟ್ 22ರಲ್ಲಿ ಅದು ತಲೆಕೆಳಗು. ಸೆಕೆಂಡಿಗೆ 380 ಮೀಟರ್ ವೇಗದ ಗುಂಡು 330 ಮೀಟರ್‌ನ ಗುಂಡಿಗಿಂತ ಗಾಳಿಗೆ ಹೆಚ್ಚು ಸರಿಯುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಲೇ ಏರುವುದರಿಂದ ವೇಗದ ಗುಂಡು ಹೆಚ್ಚು ವೇಗ ಕಳೆದುಕೊಳ್ಳುತ್ತದೆ. ಸರಿತವನ್ನು ತೀರ್ಮಾನಿಸುವುದು ಗುಂಡಿನ ವೇಗವಲ್ಲ, ಅದು ಕಳೆದುಕೊಳ್ಳುವ ವೇಗ. 10.4 ಮಿಲಿಮೀಟರ್ ವ್ಯಾಸದ ಹತ್ತು ಅಂಕದ ವೃತ್ತಕ್ಕೆ ಹೊಡೆಯುವವರಿಗೆ ಇದು ಪುಸ್ತಕದ ವಿಚಾರವಾಗಿ ಉಳಿಯುವುದಿಲ್ಲ.

ಗಾಳಿಗಣ್ಣು

ಮೇಲಿನ ಮಾತು ಅಪ್ಪಟ ಸತ್ಯ. 900 ಮೀಟರ್‌ಗೆ ಅದರ ಅಂಕಿ ಸೇರಿಸುತ್ತೇನೆ: ಸೆಕೆಂಡಿಗೆ 4 ಮೀಟರ್‌ನ ಪೂರ್ಣ ಅಡ್ಡಗಾಳಿ ನಿಮ್ಮ ಗುಂಡನ್ನು ಎತ್ತರದಲ್ಲಿ ಸುಮಾರು 0.1 ಮಿಲ್, ಅಂದರೆ 9 ಸೆಂಟಿಮೀಟರ್ ಬದಲಿಸುತ್ತದೆ. ಬಲದಿಂದ ಬಂದರೆ ಒಂದು ಕ್ಲಿಕ್ ಇಳಿಸಿ, ಎಡದಿಂದ ಬಂದರೆ ಒಂದು ಕ್ಲಿಕ್ ಏರಿಸಿ.

ಮುಂಜಾವು

ಲಂಬಸೂತ್ರದ ಪರೀಕ್ಷೆ ಮಾಡಿದೆ. ಬಕೆಟ್ ನೀರಿನ ಉಪಾಯ ಇಲ್ಲದಿದ್ದರೆ ದಾರ ನಿಲ್ಲುತ್ತಲೇ ಇರಲಿಲ್ಲ. ಮೇಲಿನ ಗುಂಪಿನ ನಡುವು ಗೆರೆಯಿಂದ 1.7 ಸೆಂಟಿಮೀಟರ್ ಬಲಕ್ಕೆ ಬಿತ್ತು. ಎತ್ತರ 99.6, ಕ್ಲಿಕ್ಕುಗಳ ಬಗ್ಗೆ ಚಿಂತೆಯಿಲ್ಲ. ಗುಳ್ಳೆ ಮಧ್ಯದಲ್ಲಿದ್ದಾಗ ಸ್ಕೋಪಿನೊಳಗೆ ನೋಡಿದರೆ ಲಂಬಗೆರೆಯ ಮೇಲ್ತುದಿ ದಾರದಿಂದ ಬಲಕ್ಕೆ ಸರಿದಿರುವುದು ಕಣ್ಣಿಗೇ ಕಾಣುತ್ತಿತ್ತು. ಮೂರು ವರ್ಷ ಅದೇ ಗೆರೆಯನ್ನು ನೋಡಿದ್ದೇನೆ, ಪಕ್ಕದಲ್ಲಿ ದಾರ ಇರಲಿಲ್ಲ ಅಷ್ಟೇ.

ರಸಮಟ್ಟವನ್ನು ಸಡಿಲಿಸಿ, ಗೆರೆಯನ್ನು ದಾರಕ್ಕೆ ಹೊಂದಿಸಿ, ಗುಳ್ಳೆ ಮಧ್ಯಕ್ಕೆ ಬಂದ ಸ್ಥಿತಿಯಲ್ಲಿ ಬಿಗಿದೆ. ಮರುದಿನ ಬೆಳಿಗ್ಗೆ 900ರಲ್ಲಿ ಹತ್ತು ಗುಂಡು. ನಡುವು ಕೇಂದ್ರದಿಂದ ಸುಮಾರು 22 ಸೆಂಟಿಮೀಟರ್ ಬಲಕ್ಕೆ. ಎರಡು ಕ್ಲಿಕ್ ಎಡಕ್ಕೆ ತಿರುಗಿಸಿದೆ, ಮುಂದಿನ ಹತ್ತು ಕೇಂದ್ರದ ಸುತ್ತ ಬಂದವು. ಓದಿದ ಲೆಕ್ಕ ಹಲಗೆಯ ಮೇಲೆ ಹಾಗೇ ಬಂದು ಕುಳಿತದ್ದನ್ನು ನೋಡಿ ಆದ ಸಂತೋಷ ಹೇಳತೀರದು.

ಆದರೆ ಈ ಹತ್ತು ಗುಂಡುಗಳೂ ಅಡ್ಡಕ್ಕೆ 50 ಸೆಂಟಿಮೀಟರ್ ಹರಡಿವೆ, ಎತ್ತರದಲ್ಲಿ 20 ಮಾತ್ರ. ಬಾವುಟ ಅಲುಗಾಡಲಿಲ್ಲ. ಇದು ಗಾಳಿಯೇ?

ಗಾಳಿಗಣ್ಣು

ಗಾಳಿಯೇ. ಎತ್ತರ 20, ಅಡ್ಡ 50 ಎಂದ ಮೇಲೆ ಬೇರೆ ಸಾಕ್ಷಿ ಬೇಡ. ಈಗ ನಿಜವಾದ ವಿಷಯಕ್ಕೆ ಬಂದಿದ್ದೀರಿ, ಆದ್ದರಿಂದ ಉದ್ದ ಬರೆಯುತ್ತೇನೆ.

ಗಾಳಿ ಗುಂಡಿನ ಪಕ್ಕೆಗೆ ಒತ್ತಿ ತಳ್ಳುತ್ತದೆ ಎಂದು ಕಲ್ಪಿಸಿಕೊಂಡರೆ ಲೆಕ್ಕ ಹತ್ತುವುದಿಲ್ಲ. ಗುಂಡು ಹೊರಬಿದ್ದ ಕೂಡಲೇ ಮೂತಿಯನ್ನು ತನಗೆ ತಾಗುವ ಗಾಳಿಯತ್ತ ತಿರುಗಿಸಿಕೊಳ್ಳುತ್ತದೆ. ಆಮೇಲೆ ಗಾಳಿಯ ತಡೆ ಅದನ್ನು ಹಿಂದಕ್ಕೆ ಎಳೆಯುವಾಗ ಆ ಎಳೆತದ ಸಣ್ಣ ಪಾಲು ಪಕ್ಕಕ್ಕೆ ಬೀಳುತ್ತದೆ. ಹೀಗಾಗಿ ಸರಿತವನ್ನು ಅಳೆಯಲು ಒಂದು ಸುಂದರವಾದ ಸೂತ್ರವಿದೆ, ಫ್ರಾನ್ಸಿನ ಫಿರಂಗಿ ಅಧಿಕಾರಿ ಡಿಡಿಯನ್ ಹೆಸರಿನದು: ಗಾಳಿಯಿಲ್ಲದ ಶೂನ್ಯದಲ್ಲಿ ಗುಂಡಿಗೆ ಬೇಕಾಗುತ್ತಿದ್ದ ಸಮಯವನ್ನು ನಿಜವಾದ ಸಮಯದಿಂದ ಕಳೆಯಿರಿ, ಉಳಿದ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. ನಿಮ್ಮ ಗುಂಡಿಗೆ 900 ಮೀಟರ್‌ಗೆ 1.62 ಸೆಕೆಂಡ್. ವೇಗ ಕಳೆದುಕೊಳ್ಳದಿದ್ದರೆ 1.14 ಸಾಕಿತ್ತು. ತಡ 0.48 ಸೆಕೆಂಡ್. ಅಂದರೆ ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿಗೆ 48 ಸೆಂಟಿಮೀಟರ್, ಐದು ಕ್ಲಿಕ್ಕಿಗಿಂತ ಸ್ವಲ್ಪ ಹೆಚ್ಚು. 300 ಮೀಟರ್‌ನಲ್ಲಿ ತಡ 0.04 ಸೆಕೆಂಡ್ ಮಾತ್ರ, ಅದೇ ಗಾಳಿಗೆ 4 ಸೆಂಟಿಮೀಟರ್. ನೀವು ದೂರವನ್ನು ಮೂರು ಪಟ್ಟು ಮಾಡಿದಿರಿ, ಗಾಳಿ ತನ್ನ ಪಾಲನ್ನು ಹನ್ನೆರಡು ಪಟ್ಟು ಮಾಡಿತು.

ಈಗ ನಿಂತ ಬಾವುಟದ ಕಡೆ ನೋಡಿ. ಗಾಳಿಯ ವೇಗದ ಬೋಫೋರ್ಟ್ ಮಾಪನದ ಒಂದನೆಯ ಮೆಟ್ಟಿಲು ಸೆಕೆಂಡಿಗೆ 0.3ರಿಂದ 1.5 ಮೀಟರ್. ಹೊಗೆ ವಾಲುತ್ತದೆ, ಗಾಳಿಕೋಳಿ ತಿರುಗುವುದಿಲ್ಲ ಎಂಬುದೇ ಅದರ ಲಕ್ಷಣ. ಕೆನ್ನೆಗೂ ತಿಳಿಯದ ಅರ್ಧ ಮೀಟರ್ ವೇಗದ ಉಸಿರು ನಿಮ್ಮ ಗುಂಡನ್ನು 24 ಸೆಂಟಿಮೀಟರ್ ಒಯ್ಯುತ್ತದೆ. ಇಡೀ ವಾಲುವಿಕೆಗಿಂತ ಹೆಚ್ಚು. 1000 ಗಜದ ಎಫ್-ಕ್ಲಾಸ್ (ರೈಫಲನ್ನು ಆಧಾರದ ಮೇಲಿಟ್ಟು ದೂರಕ್ಕೆ ಹೊಡೆಯುವ ಪಂದ್ಯ) ಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 10 ಇಂಚು. ಕೇಂದ್ರದಿಂದ ಅಂಚಿಗೆ ಹದಿಮೂರು ಸೆಂಟಿಮೀಟರ್ ಕೂಡ ಇಲ್ಲ. ಕಾಲು ಮೀಟರ್ ವೇಗದ ಗಾಳಿ ಸಾಕು ಅಂಚಿಗೆ ತಂದು ನಿಲ್ಲಿಸಲು. ಬಾವುಟ ನಿಂತಿದೆ ಎಂದರೆ ಬಾವುಟವನ್ನು ಎತ್ತುವಷ್ಟು ಗಾಳಿಯಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಅದನ್ನು ನೋಡುವುದು ಹೇಗೆ? ಬಿಸಿಲುಗುದುರೆಯಲ್ಲಿ. ಸ್ಪಾಟಿಂಗ್ ದೂರದರ್ಶಕವನ್ನು ಹಲಗೆಗೆ ಸ್ಪಷ್ಟಗೊಳಿಸಿ, ಆಮೇಲೆ ಫೋಕಸ್ ಚಕ್ರವನ್ನು ತುಸು ಹಿಂದಕ್ಕೆ ತನ್ನಿ, ಹಲಗೆ ಮಸುಕಾಗಿ ನಡುದಾರಿಯ ಗಾಳಿ ಸ್ಪಷ್ಟವಾಗುವವರೆಗೆ. ನೆಲದಿಂದೇಳುವ ಬಿಸಿಗಾಳಿಯ ಅಲೆಗಳು ಕಾಣುತ್ತವೆ. ಮೆಲುಗಾಳಿಗೆ ಅವು ತುಸು ವಾಲಿಕೊಂಡು ಏರುತ್ತವೆ. ಸೆಕೆಂಡಿಗೆ ಎರಡು ಮೂರು ಮೀಟರ್‌ಗೆ ಅರ್ಧಕ್ಕರ್ಧ ಬಾಗುತ್ತವೆ. ನಾಲ್ಕು ದಾಟಿದರೆ ಮಲಗಿಬಿಟ್ಟು ತೊರೆಯ ನೀರಿನಂತೆ ಅಡ್ಡ ಹರಿಯುತ್ತವೆ. ಅದಕ್ಕಿಂತ ಹೆಚ್ಚಾದರೆ ಅಲೆಯಲ್ಲಿ ಅಂತರ ತಿಳಿಯುವುದಿಲ್ಲ, ಬಾವುಟಕ್ಕೇ ಮರಳಬೇಕು.

ಬಿಸಿಲುಗುದುರೆ ಕುದಿಯುವುದನ್ನು ಗುರುತಿಸಲು ಕಲಿಯಿರಿ. ಅದೊಂದನ್ನು ಕಲಿತರೆ ನಿಮ್ಮ ಅಂಕ ಬದಲಾಗುತ್ತದೆ. ಒಮ್ಮೆ ನಾನು ಎಡಗಾಳಿಗೆ ಒಂದು ಮಿಲ್ ಹಿಡಿದು ಸಾಲಾಗಿ ಆರು ಗುಂಡು ಚೆನ್ನಾಗಿ ಹೊಡೆದಿದ್ದೆ. ಏಳನೆಯದಕ್ಕೆ ಬೋಲ್ಟ್ (ಗುಂಡು ತುಂಬುವ ಅಗುಳಿ) ಮುಚ್ಚಿ ದೂರದರ್ಶಕಕ್ಕೆ ಎಡಗಣ್ಣು ಕೊಟ್ಟೆ. ಹಲಗೆಯ ಮೇಲಿನ ಸಂಖ್ಯೆಯ ಅಂಚಿನಲ್ಲಿ ಎಡದಿಂದ ಬಲಕ್ಕೆ ಹರಿಯುತ್ತಿದ್ದ ಅಲೆ ನಿಧಾನವಾಯಿತು. ಸಂಖ್ಯೆಯ ಕಾಲುಗಳು ಉದ್ದವಾದವು, ಗಿಡ್ಡವಾದವು. ಆಮೇಲೆ ಅಲೆ ಎತ್ತಲೂ ಹೋಗದೆ ಪಾತ್ರೆಯ ನೀರಿನಂತೆ ನೆಟ್ಟಗೆ ಮೇಲಕ್ಕೆ ಕುದಿಯತೊಡಗಿತು. ಬೆರಳು ಟ್ರಿಗರ್ ಬಿಟ್ಟಿತು. ಬಾವುಟಗಳು ಇನ್ನೂ ಬಲಕ್ಕೇ ತೂಗುತ್ತಿದ್ದವು. ಉಸಿರು ಎಣಿಸುತ್ತ ಕಾದೆ. ಏಳನೆಯ ಉಸಿರಿಗೆ ಅಲೆಗಳು ಬಲದಿಂದ ಎಡಕ್ಕೆ ವಾಲಿದವು, ಅದರ ನಂತರವೇ ಮೊದಲ ಬಾವುಟ ಮಗ್ಗುಲಾಯಿತು. ಎಡದಿಂದ ಎರಡು ಮೀಟರ್‌ನ ಗಾಳಿ ಬಲದಿಂದ ಒಂದು ಮೀಟರ್ ಆಗಿತ್ತು. ಮೂರು ಮೀಟರ್ ವ್ಯತ್ಯಾಸ ಎಂದರೆ ಹಲಗೆಯ ಮೇಲೆ 1.44 ಮೀಟರ್. ಪಕ್ಕದ ಚಾಪೆಯವರು ಆ ಹೊತ್ತಿನಲ್ಲಿ ಹೊಡೆದ ಗುಂಡು ಹಲಗೆಗೇ ತಾಗಲಿಲ್ಲ.

ಕುದಿತಕ್ಕೆ ಎರಡು ಅರ್ಥ. ಗಾಳಿ ನಿಂತಿದೆ, ಇಲ್ಲವೇ ನೇರ ಎದುರಿನಿಂದಲೋ ಹಿಂದಿನಿಂದಲೋ ಬರುತ್ತಿದೆ. ಎರಡರಲ್ಲೂ ದಿಕ್ಕು ಮಗುಚುವ ಸಂಭವ ಹೆಚ್ಚು. ಎದುರುಗಾಳಿ ಸುರಕ್ಷಿತ ಎಂದು ಹೊಸಬರು ನಂಬುತ್ತಾರೆ. ನಾನು ಅದಕ್ಕೇ ಹೆಚ್ಚು ಅಂಜುತ್ತೇನೆ. 4 ಮೀಟರ್‌ನ ಗಾಳಿ ಪೂರ್ಣ ಅಡ್ಡವಿದ್ದು 15 ಡಿಗ್ರಿ ಆಚೀಚೆ ಆದರೆ ಅದರ ಬೆಲೆ (ಅಡ್ಡಗಾಳಿಯ ಪಾಲು) ಶೇಕಡ 3.4 ಮಾತ್ರ ಇಳಿಯುತ್ತದೆ, ಹಲಗೆಯ ಮೇಲೆ ಆರೇಳು ಸೆಂಟಿಮೀಟರ್. ಅದೇ ಗಾಳಿ ನೇರ ಎದುರಿನಿಂದ ಬಂದು 15 ಡಿಗ್ರಿ ಆಚೀಚೆ ತೂಗಿದರೆ ಬೆಲೆ ಒಂದು ಮೀಟರ್ ಬಲದಿಂದ ಒಂದು ಮೀಟರ್ ಎಡಕ್ಕೆ ಓಡಾಡುತ್ತದೆ. ಹೆಚ್ಚುಕಡಿಮೆ ಒಂದು ಮೀಟರ್ ಅಗಲದ ಹರಡಿಕೆ! 45 ಡಿಗ್ರಿಯ ಗಾಳಿಯನ್ನು ಅರ್ಧ ಎಂದು ಎಣಿಸುವ ಅಭ್ಯಾಸವನ್ನೂ ಬಿಡಿ. ಅರ್ಧವಾಗುವುದು 30 ಡಿಗ್ರಿಯಲ್ಲಿ. 45ಕ್ಕೆ 0.7, 60ಕ್ಕೆ ಸುಮಾರು 0.87.

ಇನ್ನು ನಿಮ್ಮ ಮಾಪಕ. ಅದು ನಿಮ್ಮ ಮೊಣಕೈ ಪಕ್ಕದ ಗಾಳಿಯನ್ನು ಮಾತ್ರ ಹೇಳುತ್ತದೆ. ಹತ್ತಿರದ ಗಾಳಿಗೆ ತೂಕ ಹೆಚ್ಚು ಎಂಬುದು ನಿಜ, ಆರಂಭದಲ್ಲಿ ಸರಿದ ಕೋನ ಉಳಿದ ದಾರಿಯುದ್ದಕ್ಕೂ ಬೆಳೆಯುತ್ತದೆ. ಆದರೆ ನಾವು ಹೊಡೆಯುವ ಸಾಲು ಸಾಮಾನ್ಯವಾಗಿ ಮರೆಯಲ್ಲಿರುತ್ತದೆ, ಮಾಪಕ ನೆಲದಿಂದ ಒಂದು ಅಡಿಯಲ್ಲಿರುತ್ತದೆ. ಗುಂಡು ಮಾತ್ರ ನಡುದಾರಿಯಲ್ಲಿ ದೃಷ್ಟಿರೇಖೆಗಿಂತ ಮೂರು ನಾಲ್ಕು ಮೀಟರ್ ಮೇಲೆ ಹಾರುತ್ತದೆ, ಅಲ್ಲಿ ಗಾಳಿ ಜೋರು. ಮಾಪಕವನ್ನು ಹೀಗೆ ಬಳಸಿ: ಅಭ್ಯಾಸದ ದಿನ ಎದ್ದು ನಿಂತು, ಬಾವುಟ ನೋಡಿ ಮನಸ್ಸಿನಲ್ಲಿ ಒಂದು ಅಂಕಿ ಹೇಳಿಕೊಂಡು, ಆಮೇಲೆ ಮಾಪಕ ನೋಡಿ ತಾಳೆ ಹಾಕಿ. ಬಾವುಟಕ್ಕೆ ಹಳೆಯ ನಿಯಮವೊಂದಿದೆ. ಕಂಬಕ್ಕೂ ಬಟ್ಟೆಗೂ ನಡುವಿನ ಕೋನವನ್ನು ಒಂಬತ್ತರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರುತ್ತದೆ. 36 ಡಿಗ್ರಿಗೆ 4. ದಪ್ಪ ಬಟ್ಟೆಗೂ ಒದ್ದೆ ಬಟ್ಟೆಗೂ ಇದು ಕಡಿಮೆ ಹೇಳುತ್ತದೆ, ಆದ್ದರಿಂದ ನಿಮ್ಮೆದುರಿನ ಬಾವುಟವನ್ನು ನೀವೇ ಮಾಪಕದೊಂದಿಗೆ ಹೋಲಿಸಿಟ್ಟುಕೊಳ್ಳಬೇಕು.

ಪ್ರತಿ ಗುಂಡಿನ ಹಿಂದೆಯೂ ಓಡಬೇಡಿ. ಗುಂಡು ಬಲಕ್ಕೆ ಬಿತ್ತು, ಎಡಕ್ಕೆ ತಿರುಗಿಸಿದೆ, ಮುಂದಿನದು ಎಡಕ್ಕೆ ಬಿತ್ತು, ಬಲಕ್ಕೆ ತಿರುಗಿಸಿದೆ: ಹೀಗೆ ಮಾಡುವವರು ಕಳೆದುಹೋದ ಗಾಳಿಗೆ ಗುರಿ ಹಿಡಿಯುತ್ತಿರುತ್ತಾರೆ. ಹತ್ತು ನಿಮಿಷ ಸುಮ್ಮನೆ ನೋಡಿ, ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಯಾವುದಕ್ಕೆ ಮರಳಿ ಮರಳಿ ಬರುತ್ತದೆ ಎಂದು ಬರೆದುಕೊಳ್ಳಿ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ನಮಗೆ ಅದು ಯಾವುದೋ ಒಂದು ಗಾಳಿಯಲ್ಲ, ನೀವು ಬರೆದುಕೊಂಡ ಆ ಗಾಳಿ. ಅದು ಬಂದಾಗ ಬೇಗ ಬೇಗ ಹೊಡೆಯಿರಿ, ಹೋದಾಗ ಬೋಲ್ಟ್ ತೆರೆದು ಕಾಯಿರಿ.

ಮತ್ತು ಟಿಪ್ಪಣಿ. ಗುಂಡು ಎಲ್ಲಿ ಬಿತ್ತು ಎಂದು ನೋಡುವ ಮೊದಲು ನೀವು ಅಂದಾಜಿಸಿದ ಗಾಳಿಯನ್ನು ಬರೆಯಿರಿ. ನೋಡಿದ ಮೇಲೆ ಬರೆದರೆ ಮನಸ್ಸು ತನ್ನ ಅಂದಾಜನ್ನು ತಿದ್ದಿಕೊಂಡುಬಿಡುತ್ತದೆ.

ಉತ್ತರಮುಖಿ

ಒಂದು ಸಣ್ಣ ಸೇರ್ಪಡೆ. ಬಿಸಿಲುಗುದುರೆ ಗಾಳಿಯನ್ನು ತೋರಿಸುವುದರ ಜೊತೆಗೆ ಹಲಗೆಯ ಚಿತ್ರವನ್ನೇ ಸರಿಸುತ್ತದೆ. ಕುದಿಯುವಾಗ ಹಲಗೆ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಹರಿಯುವಾಗ ಹರಿಯುವ ಕಡೆಗೆ. ಬೆಳಗಿನ ಎತ್ತರದ ಅಂಕಿ ಮಧ್ಯಾಹ್ನಕ್ಕೆ ಹೊಂದದಿದ್ದರೆ ಮದ್ದನ್ನು ದೂರುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಮುಂಜಾವು

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಮೊದಲ ವಾರ ಒಂದೂ ಗುಂಡು ಹೊಡೆಯದೆ ಎರಡು ಬೆಳಿಗ್ಗೆ ದೂರದರ್ಶಕದ ಹಿಂದೆಯೇ ಕುಳಿತೆ. ಫೋಕಸ್ ಹಿಂದಕ್ಕೆ ತಂದಾಗ ಕಂಡದ್ದನ್ನು ನೋಡಿ ಬೆರಗಾದೆ. ಬಾವುಟ ನಿಂತಿರುವಾಗಲೂ ಹೊಲದ ನಡುವೆ ಅಲೆ ಎಡದಿಂದ ಬಲಕ್ಕೆ ನಿಧಾನವಾಗಿ ವಾಲುತ್ತಲೇ ಇತ್ತು.

ನಿನ್ನೆಯ ಟಿಪ್ಪಣಿಯಿಂದ: ಕಡಿಮೆ 1.5, ಹೆಚ್ಚು 3, ಮರಳಿ ಬರುವುದು 2, ಎಡದಿಂದ. ಹದಿನೈದು ಗುಂಡು. ಬರೆದಿಟ್ಟ ಅಂದಾಜಿಗೂ ಹಲಗೆಗೂ ಹನ್ನೊಂದು ಗುಂಡಿನಲ್ಲಿ ಎರಡು ಕ್ಲಿಕ್ಕಿಗಿಂತ ಹೆಚ್ಚು ಅಂತರವಿಲ್ಲ. ಉಳಿದ ನಾಲ್ಕರಲ್ಲೂ ನಾನು ಗಾಳಿಯನ್ನು ಇದ್ದುದಕ್ಕಿಂತ ಕಡಿಮೆ ಎಂದೇ ಎಣಿಸಿದ್ದೆ, ಎಲ್ಲವೂ ಬಲಕ್ಕೆ ಬಿದ್ದಿವೆ. ಈ ಒಲವು ನನ್ನದು ಎಂದು ಈಗ ಗೊತ್ತಾಗಿದೆ, ಮುಂದಿನ ವಾರ ಅದನ್ನೇ ನೋಡಬೇಕು.

ಒಂಬತ್ತನೆಯ ಸಾಲಿನಲ್ಲಿ ‘ಕುದಿತ, ಬೋಲ್ಟ್ ತೆರೆದೆ, 40 ಸೆಕೆಂಡ್’ ಎಂದಿದೆ. ಅದರ ಮುಂದೆ 2.0 ಎಂದು ಬರೆದು ಹೊಡೆದೆ. ಹತ್ತರ ವೃತ್ತದೊಳಗೆ ಬಿತ್ತು.